ಹಿಟ್ಟು ಒಂದೇ, ಕಾವಲಿ ಐದು

ಸೆಪ್ಟೆಂಬರ್ 15, ಸೋಮವಾರ

ಯಾವ ಕಾಲದಿಂದಲೋ ಮುಟ್ಟದ ದಿನಚರಿಯನ್ನು ಇವತ್ತು ತೆಗೆದಿದ್ದೇನೆ. ಯಾರ ಮೇಲಾದರೂ ರೇಗಬೇಕು. ಮನೆಯಲ್ಲಿ ರೇಗಿದರೆ ಉತ್ತರ ಬರುವಷ್ಟರಲ್ಲಿ ನನ್ನ ಸಿಟ್ಟೇ ಆರಿಹೋಗಿರುತ್ತದೆ, ಇವರು ಅಷ್ಟು ನಿಧಾನ. ಇಲ್ಲಾದರೂ ಗಂಡನ ಹೆಸರು ಬರೆಯಬಹುದಲ್ಲ: ರಾಜಶೇಖರ. ಬರೆದೆ. ಟೆಲಿಫೋನ್ ಇಲಾಖೆಯಿಂದ ಸ್ವಯಂನಿವೃತ್ತಿ ಪಡೆದು ಮನೆಯಲ್ಲಿರುವ, ಒಂದು ಚಪಾತಿಯನ್ನು ಇಡೀ ಪೇಪರು ಓದಿ ಮುಗಿಯುವವರೆಗೆ ತಿನ್ನುವ ರಾಜಶೇಖರ.

ಆದರೆ ಇವತ್ತಿನ ಸಿಟ್ಟಿಗೆ ಅವರು ಕಾರಣವಲ್ಲ. ಹಲಸೂರಿನ ಆಫೀಸಿನಲ್ಲಿ ನಮ್ಮ ಮಾಲೀಕರು ಸಂಗನಬಸಪ್ಪನವರು ಕರೆದು ಕೂರಿಸಿಕೊಂಡರು. ಟೆಕ್ ಪಾರ್ಕಿನ ಕಂಪನಿಯೊಂದರ ರಾತ್ರಿ ಪಾಳಿಯವರನ್ನು ಯಾವ ವ್ಯಾನು ಎಲ್ಲಿಂದ ಹತ್ತಿಸಿಕೊಳ್ಳಬೇಕು ಎಂದು ದಿನಾ ಸಂಜೆ ಲೆಕ್ಕ ಹಾಕುವ ಪ್ರೋಗ್ರಾಂ ನನ್ನದು. ಸ್ಕೀಮ್ ಎನ್ನುವ ಕಂಪ್ಯೂಟರ್ ಭಾಷೆಯಲ್ಲಿ ಹನ್ನೊಂದು ವರ್ಷದಿಂದ ಬರೆದು, ತಿದ್ದಿ, ಸಾಕಿದ್ದು. ಅದು ಲಿಸ್ಟ್ ಕೊಡಲು ಇಪ್ಪತ್ತು ನಿಮಿಷ ತೆಗೆದುಕೊಳ್ಳುತ್ತದೆ. ಆ ಕಂಪನಿಯವರೋ ಕೊನೆ ಗಳಿಗೆಯಲ್ಲಿ ಹೆಸರು ಬದಲಾಯಿಸುತ್ತಾರೆ. ಶುಕ್ರವಾರ ಸೌಂದರ್ಯಾ ಎನ್ನುವ ಹುಡುಗಿ ಕೆ.ಆರ್. ಪುರದ ತೂಗುಸೇತುವೆ ಕೆಳಗೆ ನಿಂತೇ ಇದ್ದಳು, ವ್ಯಾನು ಹಳೇ ಲಿಸ್ಟ್ ಹಿಡಿದು ಬಾಣಸವಾಡಿ ಕಡೆ ಹೋಗಿತ್ತು. ನನ್ನ ನಂಬರು ಎಲ್ಲಿಂದ ಸಿಕ್ಕಿತೋ, ಫೋನ್ ಮಾಡಿ ಚೆನ್ನಾಗಿ ಉಗಿದಳು. ಅವಳದ್ದೇನೂ ತಪ್ಪಿಲ್ಲ.

"ವಿಮಲಾಕ್ಷಿಯವರ, ಐದು ನಿಮಿಷದಾಗ ಲಿಸ್ಟ್ ಬೇಕಂತಾರ ಅವರು," ಅಂದರು ಸಂಗನಬಸಪ್ಪನವರು. "ದಸರಾ ಮುಗಿಯೂತನಕ ನೋಡ್ತೀನ್ರಿ. ಆಗಲಿಲ್ಲಾಂದ್ರ ಇದನ್ನ ತಗದು ಹೊಸ ಮಂದಿ ಕಡಿಂದ ಬ್ಯಾರೆ ಭಾಷಾದಾಗ ಬರಸ್ತೀನಿ. ಸಿಟ್ಟಾಗಬ್ಯಾಡ್ರಿ ಮತ್ತ."

ಸಿಟ್ಟಾಗದೆ ಇರಲು ನಾನೇನು ಕಲ್ಲೇ? ಪ್ರೋಗ್ರಾಂ ಹೋದರೆ ಅದರ ಹಿಂದೆ ನಾನೂ ಹೋದಂತೆಯೇ. ಐವತ್ತರ ಹತ್ತಿರ ಬಂದವಳಿಗೆ ಈ ಊರಿನಲ್ಲಿ ಯಾರು ಕರೆದು ಕೆಲಸ ಕೊಡುತ್ತಾರೆ? ಹೆದರಿಕೆಯಾಗಿದೆ. ಇದನ್ನು ಇವರಿಗೆ ಹೇಳಿಲ್ಲ. ಹೇಳಿದರೆ "ನೋಡೋಣ" ಅನ್ನುತ್ತಾರೆ, ಅದೂ ನಾಳೆ.

ಸೆಪ್ಟೆಂಬರ್ 17, ಬುಧವಾರ

ಹೇಳಬೇಕಾಗಿ ಬಂತು. ದೋಸೆ ಹುಯ್ಯುತ್ತಾ ನನ್ನಷ್ಟಕ್ಕೆ ಗೊಣಗುತ್ತಿದ್ದುದು ಕೇಳಿಸಿತಂತೆ.

ಸ್ಕೀಮ್ ಭಾಷೆ ಒಂದೇ ಆದರೂ ಅದನ್ನು ಓಡಿಸುವ ಎಂಜಿನ್‌ಗಳು ಹಲವು. ನಾವು ಇಟ್ಟುಕೊಂಡಿರುವುದು ಗೈಲ್. ಚಿಕನ್, ರ್‍ಯಾಕೆಟ್, ಗ್ಯಾಂಬಿಟ್, ಚೆಜ್ ಅಂತ ಇನ್ನೂ ಇವೆ. ಯಾವುದರಲ್ಲಿ ನನ್ನ ಪ್ರೋಗ್ರಾಂ ಐದು ನಿಮಿಷದೊಳಗೆ ಮುಗಿಯುತ್ತದೆ ಎಂದು ಅಳೆಯಬೇಕು. ಇವರಿಗೆ ಅರ್ಥವಾಗಲಿ ಅಂತ, "ಹಿಟ್ಟು ಒಂದೇ ಕಣ್ರೀ, ಕಾವಲಿ ಐದು. ಯಾವ ಕಾವಲಿ ಮೇಲೆ ದೋಸೆ ಬೇಗ ಆಗತ್ತೆ ಅಂತ ನೋಡ್ಬೇಕು" ಅಂದೆ.

ಇವರು ದೋಸೆ ಮುರಿದು, ಚಟ್ನಿಗೆ ಅದ್ದಿ, ಅಗಿದು, ನುಂಗಿ, ನೀರು ಕುಡಿದು, ಆಮೇಲೆ ಕೇಳಿದರು: "ಕಾವಲಿ ಬಿಸಿಯಾಗೋ ಹೊತ್ತನ್ನೂ ಸೇರಿಸ್ತೀಯಾ, ಇಲ್ಲಾ ಹಿಟ್ಟು ಹುಯ್ದ ಮೇಲಿಂದ ಅಳೀತೀಯಾ?"

"ನಿಮಗ್ಯಾಕ್ರೀ ಅದೆಲ್ಲ, ತಿನ್ನಿ" ಅಂದೆ. ಏನೂ ಗೊತ್ತಿಲ್ಲದಿದ್ದರೂ ಪ್ರಶ್ನೆಗೆ ಕಡಿಮೆ ಇಲ್ಲ.

ಸೆಪ್ಟೆಂಬರ್ 19, ಶುಕ್ರವಾರ

ಮೆಟ್ರೋದಲ್ಲಿ ಹೋಗುವಾಗ ಒಂದು ಯೋಚನೆ ಬಂತು. ಎಂಜಿನ್ ಏಳುವುದಕ್ಕೆ ಹಿಡಿಯುವ ಸಮಯ ಬೇರೆ, ನಿಜವಾದ ಲೆಕ್ಕದ ಸಮಯ ಬೇರೆ. ಎರಡನ್ನೂ ಬೇರೆ ಬೇರೆ ಅಳೆಯಬೇಕು. ಪ್ರೋಗ್ರಾಂ ತಿದ್ದಿದೆ. ಇದು ನನಗೇ ಹೊಳೆದದ್ದು.

ನನಗೆ ಸಹಾಯಕ್ಕೆ ಖಾದರ್‌ನನ್ನು ಕೊಟ್ಟಿದ್ದಾರೆ. ಶಿವಾಜಿನಗರದವನು, ಕೆಲಸಕ್ಕಿಂತ ಮಾತು ಬೇಗ. ಬೋರ್ಡಿನ ಮೇಲೆ ಐದು ಹೆಸರು ಬರೆದ. ಸಂಗನಬಸಪ್ಪನವರು ಬಂದು ಅದನ್ನೇ ನೋಡುತ್ತಾ ನಿಂತರು.

"ನವರಾತ್ರಿ ಹತ್ರ ಬಂತು. ದಿನಾ ಪೂಜಾ ಮಾಡೋ ಜಾಗಾದಾಗ ಚಿಕನ್ ಅಂತ ದೊಡ್ಡದಾಗಿ ಬರೀಬೇಕೇನ್ರೀ?"

"ಸರ್, ಅದು ಪ್ಯೂರ್ ವೆಜ್ ಚಿಕನ್ನು," ಅಂದ ಖಾದರ್.

ಅವರು ನಗಲಿಲ್ಲ. ಕೊನೆಗೆ 'ಚಿ' ಎಂದಷ್ಟೇ ಬರೆಯುವುದೆಂದು ತೀರ್ಮಾನವಾಯಿತು. ಹನ್ನೊಂದು ವರ್ಷದ ಕೆಲಸ ಉಳಿಯುತ್ತದೋ ಇಲ್ಲವೋ ಅಂತ ನಾನಿದ್ದರೆ ಇವರಿಬ್ಬರಿಗೆ ಕೋಳಿಯ ಚಿಂತೆ.

ಸೆಪ್ಟೆಂಬರ್ 24, ಬುಧವಾರ

ಅಳತೆ ಶುರುವಾಗಿದೆ. ಎಲ್ಲಕ್ಕೂ ಒಂದೇ ಕಂಪ್ಯೂಟರು, ಒಂದೇ ಲಿಸ್ಟು. ಸೌಂದರ್ಯಾ ಉಗಿದ ದಿನದ್ದೇ ಲಿಸ್ಟು ಇಟ್ಟಿದ್ದೇನೆ, ಅದಕ್ಕಿಂತ ಕೆಟ್ಟದ್ದು ಸಿಗಲಿಲ್ಲ.

ಗೈಲ್ ಎಂದಿನಂತೆ ಇಪ್ಪತ್ತು ನಿಮಿಷ. ಚಿ ಹನ್ನೊಂದು. ರ್‍ಯಾಕೆಟ್ ಏಳು! ಏಳು ಕಂಡಾಗ ಕುರ್ಚಿಯಿಂದ ಎದ್ದೇಬಿಟ್ಟೆ. ಇನ್ನು ಉಳಿದಿರುವುದು ಗ್ಯಾಂಬಿಟ್, ಚೆಜ್; ಅವಕ್ಕೆ ಪ್ರೋಗ್ರಾಂ ಹೊಂದಿಸಲು ಇನ್ನೂ ಕೆಲವು ದಿನ ಬೇಕು. ವೇಗಕ್ಕೆ ಹೆಸರಾದವು ಇವೆರಡೇ. ಗೆದ್ದ ಹಾಗೆಯೇ.

ಆ ಖುಷಿಯಲ್ಲಿ ಸಂಜೆ ಪಾರ್ಕಿಗೆ ಹೋದೆವು. ಸಿ.ವಿ. ರಾಮನ್ ನಗರಕ್ಕೆ ಬಂದಾಗಿನಿಂದ ನಮ್ಮ ಕ್ರಮ ಒಂದೇ: ನಾನು ಮೂರು ಸುತ್ತು ಹಾಕುವಷ್ಟರಲ್ಲಿ ಇವರು ಒಂದು ಹಾಕುತ್ತಾರೆ. ನಾನು ಹಿಂದಿನಿಂದ ಬಂದು ದಾಟಿ ಹೋಗುವಾಗೆಲ್ಲ ಪರಿಚಯವಿಲ್ಲದವರಿಗೆ ಅನ್ನುವ ಹಾಗೆ "ನಮಸ್ಕಾರ" ಅನ್ನುತ್ತಾರೆ. ಗೇಟಿನ ಬಳಿ ಕಾದು ಕಾದು ನನ್ನ ಕಾಲು ನೋಯುತ್ತದೆ. ಜೊತೆಗೆ ನಡೆಯೋಣ ಅಂದರೆ ಅದು ನಡಿಗೆಯಲ್ಲ, ಮೆರವಣಿಗೆ.

ಸೆಪ್ಟೆಂಬರ್ 29, ಸೋಮವಾರ

ಹಬ್ಬಕ್ಕೆ ಆಫೀಸು ಮುಚ್ಚುತ್ತದೆ. ಕಾಯುವಷ್ಟು ಸಮಯವಿಲ್ಲ, ಕಂಪ್ಯೂಟರನ್ನೇ ಮನೆಗೆ ತಂದೆ. ಖಾದರ್ ಆಟೋದಲ್ಲಿ ಅದನ್ನು ಮಗುವಿನ ಹಾಗೆ ತೊಡೆಯ ಮೇಲಿಟ್ಟುಕೊಂಡು ಬಂದ. ಇಂದಿರಾನಗರದ ಸಿಗ್ನಲ್ಲಿನಲ್ಲಿ ಆಟೋದವನು, "ಏನ್ ಸಾರ್, ಹಬ್ಬಕ್ಕೆ ಹೊಸಾದಾ?" ಅಂತ ಕೇಳಿದ್ದಕ್ಕೆ, "ಇಲ್ಲ ಗುರು, ಮೇಡಂ ಭವಿಷ್ಯ ಇದ್ರಲ್ಲಿದೆ" ಅಂದ. ಬೇಡದ ಮಾತು.

ಮನೆಯಲ್ಲಿ ಮೂಲೆಯ ಮೇಜಿನ ಕೆಳಗೆ ಇಟ್ಟೆವು. ಇವರು ಖಾದರ್‌ಗೆ ಕಾಫಿ ಮಾಡಿಕೊಡುತ್ತೇನೆ ಅಂದರು. ಕಾಫಿ ಬರುವಷ್ಟರಲ್ಲಿ ಆ ಹುಡುಗ ನಮ್ಮ ಮದುವೆಯ ಆಲ್ಬಂ ಪೂರ್ತಿ ನೋಡಿ ಮುಗಿಸಿದ್ದ.

ಅಕ್ಟೋಬರ್ 1, ಬುಧವಾರ

ಆಯುಧ ಪೂಜೆ. ಇವರಿಗೆ ವರ್ಷಕ್ಕೊಂದು ದೊಡ್ಡ ದಿನ. ಬೆಳಿಗ್ಗೆ ಎದ್ದು ಸ್ಕೂಟರಿನಿಂದ ಶುರು ಮಾಡಿದವರು ಮಿಕ್ಸಿಗೆ ಬರುವಾಗ ಹನ್ನೊಂದಾಗಿತ್ತು. ಕಾರು ಇದ್ದಿದ್ದರೆ ದೀಪಾವಳಿಗೆ ಮುಗಿಯುತ್ತಿತ್ತು. ಇಲಾಖೆಯಲ್ಲಿದ್ದಾಗ ಕೇಬಲ್ ಜೋಡಿಸುತ್ತಿದ್ದ ಹಳೆಯ ಇಕ್ಕಳವನ್ನೂ ತೊಳೆದು, ಒರೆಸಿ, ವಿಭೂತಿ ಹಚ್ಚಿ ಮಣೆಯ ಮೇಲೆ ಕೂರಿಸಿದ್ದರು.

ನಾನು ಗ್ಯಾಂಬಿಟ್ ಹಚ್ಚಲು ಕೂತಿದ್ದೆ. ಬಂದು ನಿಂತರು.

"ವಿಮಲಾ, ಇವತ್ತು ಅದಕ್ಕೂ ರಜ ಕೊಡ್ಬೇಕು ಕಣೆ. ಪೂಜೆ ಮಾಡಿದ್ ಆಯುಧ ಮುಟ್ಬಾರ್ದು."

"ಅದಕ್ಕೆ ಒಂದಿನ ರಜ ಕೊಟ್ರೆ ನನಗೆ ಪೂರಾ ರಜ ಕೊಟ್ಟು ಕಳಿಸ್ತಾರೆ ಕಣ್ರೀ."

ವಿಭೂತಿ ಗಟ್ಟಿಯನ್ನು ಈ ಕೈಯಿಂದ ಆ ಕೈಗೆ ಬದಲಾಯಿಸಿದರು. "ಹಂಗಾದ್ರೆ ಓಡ್ತಾ ಇರ್ಲಿ. ಪೂಜೆನಾದ್ರೂ ಮಾಡ್ಲಾ?"

ಹೋದ ವರ್ಷ ನನ್ನ ಲ್ಯಾಪ್‌ಟಾಪಿನ ಸ್ಕ್ರೀನಿನ ನಟ್ಟನಡುವೆ ಕುಂಕುಮ ಇಟ್ಟಿದ್ದರು. ಒರೆಸಿದಷ್ಟೂ ಹರಡಿ, ತಿಂಗಳುಗಟ್ಟಲೆ ಎಲ್ಲ ಕೆಂಪಗೆ ಕಾಣುತ್ತಿತ್ತು. "ಏನಾದ್ರೂ ಮಾಡ್ಕೊಳ್ಳಿ. ಸ್ವಿಚ್ ಮುಟ್ಬೇಡಿ, ಸ್ಕ್ರೀನ್ ಮುಟ್ಬೇಡಿ. ಎದುರಿಗೆ ನನ್ನ ಕಣ್ಣಿಗೆ ಏನೂ ಬೀಳಬಾರ್ದು, ಅಷ್ಟೇ!" ಅಂತ ಹೇಳಿ ಹೋಳಿಗೆ ಬೇಯಿಸಲು ಹೋದೆ.

ಸಂಜೆ ಬಂದು ನೋಡಿದರೆ ಒಂದು ಚುಕ್ಕೆ ಕುಂಕುಮವಿಲ್ಲ. ಮದುವೆಯಾಗಿ ಇಷ್ಟು ವರ್ಷಕ್ಕೆ ಮೊದಲ ಸಲ ನಾನು ಹೇಳಿದ್ದನ್ನು ಹೇಳಿದ ಹಾಗೆಯೇ ಕೇಳಿದ್ದಾರೆ. ಗ್ಯಾಂಬಿಟ್ ಇನ್ನೂ ಓಡುತ್ತಿದೆ; ಸರಾಸರಿ ಸಿಗಲಿ ಅಂತ ಅದೇ ಲಿಸ್ಟನ್ನು ಮತ್ತೆ ಮತ್ತೆ ಓಡಿಸಲು ಬಿಟ್ಟಿದ್ದೇನೆ, ಅಂಕಿ ನಾಳೆ. ಮನಸ್ಸಿಗೆ ನೆಮ್ಮದಿ.

ಅಕ್ಟೋಬರ್ 2, ಗುರುವಾರ

ಗ್ಯಾಂಬಿಟ್ ಹದಿನಾಲ್ಕು ನಿಮಿಷ. ಚೆಜ್ ಹನ್ನೆರಡು. ಇನ್ನೊಮ್ಮೆ ಓಡಿಸಿದೆ, ಹದಿಮೂರು.

ಹೋಯಿತು.

ಮನೆಯಲ್ಲೆಲ್ಲ ಏನೋ ವಾಸನೆ ಬೇರೆ. ಕೆಳಗಿನ ಮನೆಯವರು ಹೂವಿನ ಪಲ್ಯ ಮಾಡುತ್ತಿದ್ದಾರೋ ಏನೋ.

ಅಕ್ಟೋಬರ್ 3, ಶುಕ್ರವಾರ

ಸುಳ್ಳು ಹೇಳಿ ಆಗಬೇಕಾದ್ದೇನಿದೆ? ಸಂಗನಬಸಪ್ಪನವರಿಗೆ ಇದ್ದದ್ದನ್ನು ಇದ್ದ ಹಾಗೆ ಬರೆದು ಕಳಿಸಿದೆ: ಯಾವ ಎಂಜಿನ್ನೂ ಐದು ನಿಮಿಷದೊಳಗೆ ಬರಲಿಲ್ಲ. ತಕ್ಷಣ ಫೋನ್ ಬಂತು. "ಇರಲಿ ಬಿಡ್ರಿ, ನೀವರ ಏನ್ ಮಾಡ್ತೀರಿ. ಸೋಮವಾರ ಹತ್ತಕ್ಕ ಹೊಸ ಮಂದೀನ ಕರದೀನಿ. ನೀವೂ ಬಂದು ಕೂಡ್ರಿ." ಅವರ ದನಿ ಮೃದುವಾಗಿತ್ತು. ಬೈದಿದ್ದರೆ ತಡೆದುಕೊಳ್ಳುತ್ತಿದ್ದೆ.

ಇವರು ಬಾಗಿಲಲ್ಲಿ ನಿಂತು ಕೇಳಿಸಿಕೊಂಡರು. ಒಳಗೆ ಹೋಗಿ ಉಪ್ಪಿಟ್ಟು ಮಾಡಿದರು. ಬರುವಷ್ಟರಲ್ಲಿ ಹಸಿವು ಸತ್ತಿತ್ತು, ಆದರೂ ಎರಡು ಸಲ ಹಾಕಿಸಿಕೊಂಡೆ.

ವಾಸನೆ ಇನ್ನೂ ಜಾಸ್ತಿಯಾಗಿದೆ. ಫ್ರಿಜ್ ಪೂರ್ತಿ ಖಾಲಿ ಮಾಡಿ ತೊಳೆದೆ. ಅದರದ್ದಲ್ಲ.

ಅಕ್ಟೋಬರ್ 4, ಶನಿವಾರ

ಬೆಳಿಗ್ಗೆ ಖಾದರ್ ಫೋನ್ ಮಾಡಿದ. ನನ್ನ ವರದಿ ಓದಿದನಂತೆ.

"ಮೇಡಂ, ಬೇಜಾರ್ ಮಾಡ್ಕೋಬೇಡಿ, ಒಂದ್ ಡೌಟು. ರ್‍ಯಾಕೆಟ್ ಹೊಟ್ಟೆ ಒಳಗೆ ಓಡೋದೇ ಚೆಜ್ ಅಲ್ವಾ?"

"ಹೌದು. ನನಗೆ ಪಾಠ ಹೇಳ್ಬೇಡ."

"ಅರೇ, ಕೇಳಿ ಮೇಡಂ. ಮಸಾಲೆ ಗಿಸಾಲೆ ಎಲ್ಲ ಹಾಕಿರೋ ಬಿರಿಯಾನಿ ಏಳು ನಿಮಿಷಕ್ಕೆ ಬೇಯತ್ತೆ, ಅದೇ ಅಕ್ಕಿ ಬರೀ ಅನ್ನಕ್ಕಿಟ್ರೆ ಹನ್ನೆರಡು ನಿಮಿಷ ಅಂದ್ರೆ ಅಕ್ಕೀನ ಬೈಯೋದಲ್ಲ ಮೇಡಂ, ಒಲೆ ನೋಡ್ಬೇಕು."

ನನಗೆ ಗೊತ್ತಿದ್ದ ವಿಷಯವೇ. ದುಃಖದಲ್ಲಿ ತಲೆ ಓಡಿರಲಿಲ್ಲ. ಫೋನ್ ಇಟ್ಟು ಮೇಜಿನ ಕೆಳಗೆ ತೂರಿ ಕಂಪ್ಯೂಟರಿನ ಮೇಲೆ ಕೈಯಿಟ್ಟೆ. ಚುರ್ ಅಂದಿತು! ಎಳೆದು ತಿರುಗಿಸಿದೆ.

ಹಿಂದುಗಡೆ ಚೆಂಡುಹೂವಿನ ಹಾರ. ಒಂದು ಮಾರು ಉದ್ದದ್ದು, ನಡುವೆ ನಿಂಬೆಹಣ್ಣು. ಗಾಳಿ ಹೊರಗೆ ಹೋಗಬೇಕಾದ ಜಾಲರಿಗೆ ಸರಿಯಾಗಿ ಕಟ್ಟಿದೆ. ಹೂವೆಲ್ಲ ಬೆಂದು ಕಪ್ಪಾಗಿ, ಎಸಳುಗಳು ಜಾಲರಿಯ ಒಳಗೆ ಹೋಗಿ ಫ್ಯಾನಿಗೆ ಸುತ್ತಿಕೊಂಡಿವೆ. ಜಾಲರಿಯ ಮೇಲೆ ಅಚ್ಚುಕಟ್ಟಾಗಿ ಮೂರು ಬೆರಳಿನ ವಿಭೂತಿ. ಕಂಪ್ಯೂಟರು ಬಿಸಿಯಾದರೆ ತಾನು ಸುಟ್ಟುಹೋಗದಿರಲಿ ಎಂದು ತಾನೇ ವೇಗ ಇಳಿಸಿಕೊಳ್ಳುತ್ತದೆ. ಪಾಪ, ಗ್ಯಾಂಬಿಟ್ಟೂ ಚೆಜ್ಜೂ ಉಸಿರು ಕಟ್ಟಿಕೊಂಡು ಓಡಿದ್ದವು.

"ರೀ!" ಅಂತ ಕಿರುಚಿದೆ. ಬಂದರು. ಅಂದರೆ, ಬರತೊಡಗಿದರು.

"ಏನ್ರೀ ಇದು?"

"ಹಾರ."

"ಹಾರ ಅಂತ ಕಾಣ್ತಾ ಇದೆ. ಹಿಂದ್ಗಡೆ ಯಾಕ್ರೀ ಹಾಕಿದ್ರಿ?"

"ನೀನೇ ಹೇಳಿದ್ಯಲ್ಲ, ಎದುರಿಗೆ ಏನೂ ಕಣ್ಣಿಗೆ ಬೀಳಬಾರ್ದು ಅಂತ."

ಅಲ್ಲೇ ನೆಲದ ಮೇಲೆ ಕೂತು ಅತ್ತುಬಿಟ್ಟೆ. ಹನ್ನೊಂದು ವರ್ಷದ ಕೆಲಸ ಒಂದು ಮಾರು ಹೂವಿಗೆ ಹೋಯಿತಲ್ಲ ಅಂತ. ನಡುವೆ ನಗುವೂ ಬರುತ್ತಿತ್ತು, ಅದು ಇನ್ನೂ ಸಿಟ್ಟು ತರಿಸಿತು. ಇವರು ಗಾಬರಿಯಾಗಿ ನಿಂತಿದ್ದರು. "ನಾನು ಅದಕ್ಕೆ ಒಳ್ಳೇದಾಗ್ಲಿ ಅಂತ ಮಾಡ್ದೆ ಕಣೆ," ಅಂದರು. "ನಿಂಗೆ ಒಳ್ಳೇದಾಗ್ಲಿ ಅಂತ."

ಆಮೇಲೆ ಒಳಗೆ ಹೋಗಿ ಇಕ್ಕಳ, ಸ್ಕ್ರೂಡ್ರೈವರು, ತಮ್ಮ ಗಡ್ಡದ ಬ್ರಷ್ಷು ತಂದು ಕೂತರು. ವಿಭೂತಿ ಹಚ್ಚಿಸಿಕೊಂಡ ಇಕ್ಕಳ ಇವತ್ತೇ ಕೆಲಸಕ್ಕೆ ಬಂತು. ಒಂದೊಂದೇ ಎಸಳನ್ನು ಹಿಡಿದು ಎಳೆದರು. ಬ್ರಷ್ಷಿನಿಂದ ವಿಭೂತಿ ಕೊಡವಿದರು. ಫ್ಯಾನಿನ ಒಂದೊಂದು ರೆಕ್ಕೆಯನ್ನೂ ಒರೆಸಿದರು. ಬೇಗ ಬೇಗ ಅಂತ ನಾನು ಕೈ ಹಾಕಲು ಹೋದರೆ, "ನೀನು ಪಾರ್ಕಿಗೆ ಒಂದ್ ಸುತ್ತು ಹೋಗ್ ಬಾ. ಇಲ್ಲಿ ಅವಸರ ಮಾಡಿದ್ರೆ ರೆಕ್ಕೆ ಮುರಿಯತ್ತೆ" ಅಂದರು.

ಹೋಗಲಿಲ್ಲ. ಟಾರ್ಚ್ ಹಿಡಿಯಲು ಯಾರಾದರೂ ಬೇಕಲ್ಲ. ಟೆಲಿಫೋನ್ ಕಂಬದ ಕೆಳಗೆ ಕೂತು ನೂರಾರು ವೈರು ಜೋಡಿಸುತ್ತಿದ್ದ ಕಥೆ ಹೇಳಿದರು. ಕಮರ್ಷಿಯಲ್ ಸ್ಟ್ರೀಟಿನಲ್ಲಿ ಒಬ್ಬ ಅವಸರದಲ್ಲಿ ಎರಡು ವೈರು ಅದಲುಬದಲು ಮಾಡಿ, ಸೀರೆ ಅಂಗಡಿಗೆ ಬರುವ ಫೋನೆಲ್ಲ ಪಕ್ಕದ ಹಲ್ಲಿನ ಡಾಕ್ಟರಿಗೆ ಹೋಗುತ್ತಿತ್ತಂತೆ. "ಡಾಕ್ಟ್ರು ಪಾಪ, ಎಲ್ಲರಿಗೂ ರೇಷ್ಮೆ ಇಲ್ಲ, ರೂಟ್ ಕೆನಾಲ್ ಇದೆ ಅಂತ ಹೇಳ್ತಿದ್ರು," ಅಂದರು. ಇಷ್ಟು ವರ್ಷ ಈ ಕಥೆ ನನಗೆ ಹೇಳಿರಲಿಲ್ಲ. ಕೇಳಿದರೆ, "ಹೇಳ್ತಾ ಇದ್ದೆ, ನೀನು ಎದ್ದು ಹೋಗ್ತಿದ್ದೆ" ಅಂದರು.

ಬೆಳಗಿನ ತಿಂಡಿಯಾದ ಮೇಲೆ ಕೂತವರು ಊಟದ ಹೊತ್ತು ಮೀರಿ ಎದ್ದೆವು. ಕಂಪ್ಯೂಟರು ಹೊಸದರ ಹಾಗೆ ಹೊಳೆಯುತ್ತಿತ್ತು.

ಅಕ್ಟೋಬರ್ 5, ಭಾನುವಾರ

ಗ್ಯಾಂಬಿಟ್ ಐದೂವರೆ ನಿಮಿಷ.

ಚೆಜ್ ನಾಲ್ಕು!

ನಂಬದೆ ಮತ್ತೆ ಓಡಿಸಿದೆ. ನಾಲ್ಕೇ. ಇವರಿಗೆ ಹೇಳಿದರೆ, "ಕಾವಲಿ ಬಿಸಿಯಾಗೋ ಹೊತ್ತು ಬಿಟ್ಟಾ, ಸೇರಿಸಿಯಾ?" ಅಂತ ಕೇಳಿದರು. ಸೇರಿಸಿಯೂ ನಾಲ್ಕು ಅಂದೆ. ಅದನ್ನು ಬೇರೆ ಬೇರೆ ಅಳೆಯುವ ಯೋಚನೆ ನನ್ನದಾಗಿತ್ತೋ ಇವರದೋ ಅಂತ ಈಗ ಸ್ವಲ್ಪ ಅನುಮಾನ ಬರುತ್ತಿದೆ. ಇರಲಿ, ಅದೇನು ಅಷ್ಟು ದೊಡ್ಡ ವಿಷಯವಲ್ಲ.

ಅಕ್ಟೋಬರ್ 6, ಸೋಮವಾರ

ಕಂಪ್ಯೂಟರನ್ನು ಆಟೋದಲ್ಲಿ ಆಫೀಸಿಗೆ ವಾಪಸು ತಂದರೆ, ಹೊಸಬರು ಇಬ್ಬರು ಹತ್ತಕ್ಕೇ ಬಂದು ಕೂತಿದ್ದರು. ಸಂಗನಬಸಪ್ಪನವರಿಗೆ, "ಸರ್, ಒಂದೇ ಒಂದು ಸಲ ನೋಡಿ" ಅಂತ ಬೇಡಿಕೊಂಡೆ. "ಆತು ಹಚ್ರಿ. ಅಷ್ಟೊತ್ತಿಗೆ ನಾನು ಒಂದ್ ಫೋನ್ ಮಾಡಿ ಬರ್ತೀನಿ," ಅಂತ ಹೊರಟರು. ಅವರ ಮಟ್ಟಿಗೆ ನನ್ನ ಪ್ರೋಗ್ರಾಂ ಅಂದರೆ ಇಪ್ಪತ್ತು ನಿಮಿಷದ ಬಿಡುವು. ವಾಪಸು ಬಂದಾಗ ಲಿಸ್ಟ್ ಮೇಜಿನ ಮೇಲಿತ್ತು.

"ಮುಗೀತು?"

"ಮುಗೀತು ಸರ್."

ಲಿಸ್ಟನ್ನು ಹಿಂದೆ ಮುಂದೆ ತಿರುಗಿಸಿದರು. "ಇಷ್ಟ್ ಲಗೂ ಬಂತಂದ್ರ ಯಾರನ್ನೋ ಬಿಟ್ಟು ಬಂದೈತಿ ಇದು."

ಬೇಗ ಆಗದಿದ್ದರೂ ಕಷ್ಟ, ಆದರೂ ಕಷ್ಟ. ಗೈಲ್ ಕೊಟ್ಟ ಹಳೇ ಲಿಸ್ಟನ್ನೂ ಚೆಜ್ ಕೊಟ್ಟದ್ದನ್ನೂ ಪಕ್ಕಪಕ್ಕ ಇಟ್ಟು, ಹೆಸರು ಹೆಸರಾಗಿ ತಾಳೆ ನೋಡಬೇಕೆಂದರು. ಖಾದರ್ ಓದಿದ, ನಾನು ಗುರುತು ಹಾಕಿದೆ. ಕಂಪ್ಯೂಟರು ನಾಲ್ಕು ನಿಮಿಷದಲ್ಲಿ ಮಾಡಿದ್ದನ್ನು ನಂಬಲು ನಮಗೆ ಮಧ್ಯಾಹ್ನವಾಯಿತು. ಬೇರೆ ದಿನವಾಗಿದ್ದರೆ ಎದ್ದು ಹೋಗುತ್ತಿದ್ದೆ. ಯಾಕೋ ಇವತ್ತು ಕೂರಲಾಯಿತು. ಒಂದು ಹೆಸರೂ ತಪ್ಪಿರಲಿಲ್ಲ.

ಸಂಗನಬಸಪ್ಪನವರು ಹೊಸಬರಿಗೆ ಊಟ ಹಾಕಿಸಿ, ಕೈಮುಗಿದು ಕಳಿಸಿದರು. ಆಮೇಲೆ ನನ್ನ ಕಡೆ ತಿರುಗಿ, "ಅಲ್ರೀ, ಮೊದಲು ಹನ್ನೆರಡು ಅಂತ ಯಾಕ್ ಬಂದಿತ್ತು?" ಅಂದರು.

"ಗಾಳಿ ಹೋಗೋ ದಾರಿ ಮುಚ್ಚಿತ್ತು ಸರ್. ನಾನು ನೋಡ್ಕೋಬೇಕಿತ್ತು, ನೋಡ್ಕೊಳ್ಳಿಲ್ಲ."

ಬೆಳಿಗ್ಗೆಯೇ ನನ್ನಿಂದ ಕಥೆಯೆಲ್ಲ ಕೇಳಿದ್ದ ಖಾದರ್ ಬಾಯಿಗೆ ಕೈ ಅಡ್ಡ ಹಿಡಿದು ಕೆಮ್ಮಿದ. ಹಾರದ ವಿಷಯ ನಾನು ಹೇಳಲಿಲ್ಲ. ಹೇಳಲು ಹೊತ್ತಿರಲಿಲ್ಲ, ಅಷ್ಟೇ.

ಸಂಜೆ ನಿಜವಾದ ಲಿಸ್ಟು ಚೆಜ್ ಮೇಲೆಯೇ ಓಡಿತು. ವ್ಯಾನು ಹೊರಡುವುದಕ್ಕೆ ಸ್ವಲ್ಪ ಮುಂಚೆ ಆರು ಹೆಸರು ಬದಲಾಯಿಸಿದರು. ಅವುಗಳಲ್ಲಿ ಒಂದು ಸೌಂದರ್ಯಾಳದ್ದು, ಇವತ್ತು ಅವಳು ಬಾಣಸವಾಡಿಯಿಂದ ಹತ್ತಬೇಕಂತೆ. ಮತ್ತೆ ಓಡಿಸಿದೆವು, ಸಮಯಕ್ಕೆ ಬಂತು. ಫೋನ್ ಎದುರಿಗಿಟ್ಟುಕೊಂಡು ಕೂತೆ. ಯಾರೂ ಮಾಡಲಿಲ್ಲ. ಫೋನ್ ಸುಮ್ಮನಿದ್ದರೆ ಇಷ್ಟು ಸಂತೋಷವಾಗುತ್ತದೆಂದು ಗೊತ್ತಿರಲಿಲ್ಲ.

ಅಕ್ಟೋಬರ್ 7, ಮಂಗಳವಾರ

ಸಂಗನಬಸಪ್ಪನವರು ಬರುವ ವರ್ಷದ ಕೆಲಸವನ್ನೂ ನನಗೇ ಒಪ್ಪಿಸಿದ್ದಾರೆ. ಬೋರ್ಡಿನಲ್ಲಿ 'ಚಿ' ಅಳಿಸಿ ಖಾದರ್ ಪೂರ್ತಿ ಹೆಸರು ಬರೆದ. ನವರಾತ್ರಿ ಮುಗಿಯಿತಲ್ಲ, ಇವತ್ತು ಯಾರೂ ಏನೂ ಅನ್ನಲಿಲ್ಲ.

ಸಂಜೆ ಪಾರ್ಕಿಗೆ ಹೋದೆವು. ಇವರು ಹಲ್ಲಿನ ಡಾಕ್ಟರ ಕಥೆಯ ಉಳಿದ ಭಾಗ ಹೇಳುತ್ತಿದ್ದರು, ಸೀರೆ ಅಂಗಡಿಯವರು ಜಗಳಕ್ಕೆ ಬಂದದ್ದು. ನಡುವೆ ಬಿಟ್ಟು ಮುಂದೆ ಹೋಗುವ ಹಾಗಿರಲಿಲ್ಲ, ಹಾಗಾಗಿ ಒಂದೇ ಸುತ್ತಾಯಿತು. ಕಥೆ ಇನ್ನೂ ಅರ್ಧವೂ ಆಗಿರಲಿಲ್ಲ, ಅಷ್ಟರಲ್ಲಿ ಗೇಟು ಬಂದೇಬಿಟ್ಟಿತು.

ಪಾರ್ಕಿನವರು ದಾರಿ ಎಲ್ಲೋ ಮೊಟಕು ಮಾಡಿದ್ದಾರೆ ಅನ್ನಿಸುತ್ತದೆ. ಇಷ್ಟು ಬೇಗ ಮುಗಿಯುವ ಸುತ್ತಲ್ಲ ಅದು. ನಾಳೆ ವಾಚು ಕಟ್ಟಿಕೊಂಡು ಹೋಗಿ ಅಳೆದು ನೋಡಬೇಕು.